ಪಾದದ ರಕ್ತ ಮೇಲೇರುವ ಬಗೆ

ನಮಸ್ಕಾರ. ಉಡುಪಿಯ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ನಿಂತೇ ಇರುವ ನಿಮ್ಮ ಅಮ್ಮನ ಕಾಲುಗಳು ಸಂಜೆಗೆ ಊದುವುದೇಕೆ, ಪಾದಕ್ಕಿಳಿದ ರಕ್ತ ಹೃದಯಕ್ಕೆ ಮರಳುವುದು ಹೇಗೆ ಎಂದು ಕೇಳಿದ್ದೀರಿ.

ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಅಪಧಮನಿಗಳಿಗೆ, ಅಂದರೆ ಹೃದಯದಿಂದ ಹೊರಡುವ ನಾಳಗಳಿಗೆ, ನೂಕುತ್ತದೆ. ಆದರೆ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳನ್ನು ದಾಟುವಷ್ಟರಲ್ಲಿ ಆ ಒತ್ತಡ ಬಹುಪಾಲು ಕರಗಿರುತ್ತದೆ. ಮೇಲೇರಿಸುವ ಮುಖ್ಯ ಕೆಲಸ ಮೀನಖಂಡದ ಸ್ನಾಯುಗಳದು. ನಡೆಯುವಾಗ ಅವು ಅಭಿಧಮನಿಗಳನ್ನು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳನ್ನು, ಹಿಂಡುತ್ತವೆ. ಒಳಗಿನ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗದಂತೆ ನಮ್ಮ ಹೊಳೆಗಳಿಗೆ ಹಲಗೆ ಹಾಕುತ್ತಾರಲ್ಲ, ಹಾಗೆ. ಇಲ್ಲಿ ಹಲಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ತೋಳಿಗೆ ಪಟ್ಟಿ ಕಟ್ಟಿ ತೋರಿಸಿದ್ದು ಇದನ್ನೇ: ಉಬ್ಬಿದ ನಾಳದ ರಕ್ತವನ್ನು ಬೆರಳಿನಿಂದ ಅಂಗೈಯತ್ತ ನೂಕಿದರೆ ಅದು ಕವಾಟ ದಾಟದು. ಎಷ್ಟು ಸರಳ, ಎಷ್ಟು ಸುಂದರ!

ಅಲ್ಲಾಡದೆ ನಿಂತರೆ ಈ ಹಿಂಡುವಿಕೆ ನಿಲ್ಲುತ್ತದೆ, ನಾಳಗಳಲ್ಲಿ ಒತ್ತಡ ಏರಿ ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ಆಗಾಗ ಹಿಮ್ಮಡಿ ಎತ್ತಿ ಇಳಿಸಲು, ನಾಲ್ಕು ಹೆಜ್ಜೆ ನಡೆಯಲು ಅಮ್ಮನಿಗೆ ಹೇಳಿ. ರಾತ್ರಿ ಕಾಲಿನಡಿ ದಿಂಬಿಡಿ. ಬೆಳಿಗ್ಗೆಯೂ ಊತ ಇಳಿಯದಿದ್ದರೆ ಪರೀಕ್ಷೆ ಮಾಡಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.