ಕಿಟೆಲ್ ನಿಘಂಟು ಯಾರ ಸೊತ್ತು?

ಜರ್ಮನ್ ಮಿಷನರಿ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಕರಾವಳಿಯ ಓದುಗರೊಬ್ಬರು ಸಿಟ್ಟಿನಿಂದ ಪತ್ರ ಬರೆದಿದ್ದಾರೆ. 'ಮಿಷನರಿಗಳೆಲ್ಲ ಬ್ರಿಟಿಷರ ಏಜೆಂಟರು. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಬಂದೂಕು ಹಿಡಿದು ಬಂದವರಿಗೆ ನಿಮ್ಮ ಹಾರ ತುರಾಯಿ ಏಕೆ?' ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಪೋರ್ಚುಗೀಸರ ಗೋವೆಯ ಮಟ್ಟಿಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಅಲ್ಲಿ ದೊರೆತನವೂ ಇಗರ್ಜಿಯೂ ಕೈ ಕೈ ಹಿಡಿದಿದ್ದವು. 1560ರಲ್ಲಿ ಆರಂಭವಾದ ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹದ ಆರೋಪ ಹೊರಿಸಿ ಶಿಕ್ಷಿಸುತ್ತಿದ್ದ ಇಗರ್ಜಿಯ ನ್ಯಾಯಮಂಡಳಿ, ನಡುವೆ ಕೆಲವು ವರ್ಷ ಬಿಟ್ಟರೆ, 1812ರವರೆಗೂ ನಡೆಯಿತು. 1684ರಲ್ಲಿ ಕೊಂಕಣಿ ಮಾತನ್ನೇ ಬಿಡಿಸುವ ಆಜ್ಞೆ ಹೊರಟಿತು. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆತನಗಳು, ಹಿಂದೂಗಳೂ ಕ್ರೈಸ್ತರೂ, ಗೋವೆಯನ್ನು ಬಿಟ್ಟು ಬಂದವರೇ.

ಅದೇ ಅಳತೆಗೋಲನ್ನು ಮಂಗಳೂರಿಗೆ ತಂದರೆ ಲೆಕ್ಕ ತಪ್ಪುತ್ತದೆ. ಈಸ್ಟ್ ಇಂಡಿಯಾ ಕಂಪನಿಗೆ ವ್ಯಾಪಾರ ಮುಖ್ಯವಾಗಿತ್ತು. ಧರ್ಮದ ತಂಟೆಗೆ ಹೋದರೆ ಜನ ತಿರುಗಿಬೀಳುತ್ತಾರೆಂದು 1813ರಲ್ಲಿ ಬ್ರಿಟಿಷ್ ಸಂಸತ್ತು ಕೊಟ್ಟ ಸನ್ನದಿನವರೆಗೆ (ಆಳ್ವಿಕೆಯ ಅಧಿಕಾರಪತ್ರ) ಅದು ಮಿಷನರಿಗಳನ್ನು ದೂರವೇ ಇಟ್ಟಿತ್ತು. ಅದಕ್ಕೇ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿ ನೆಲೆಯೂರಿದ್ದು ಡೇನರ ವಶದಲ್ಲಿದ್ದ ಸೆರಾಂಪುರದಲ್ಲಿ. ಬ್ರಿಟಿಷರಲ್ಲದವರಿಗೆ 1833ರ ಸನ್ನದು ಬಾಗಿಲು ತೆರೆದ ಮೇಲೆ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಕಂಪನಿಯ ಆಳ್ವಿಕೆಯ ನೆರಳಿಲ್ಲದೆ ಅವರು ಇಲ್ಲಿ ಬೇರೂರುತ್ತಿರಲಿಲ್ಲ, ನಿಜ. ನಮ್ಮ ಭೂತಾರಾಧನೆಯನ್ನು ಸೈತಾನನ ಪೂಜೆಯೆಂದು ಅವರು ಹಳಿದದ್ದೂ ನಿಜ. ಅಂಥ ಸಾಲುಗಳನ್ನು ಓದುವಾಗ ನನಗೆ ಇಂದಿಗೂ ನೋವಾಗುತ್ತದೆ.

ಆದರೆ ಹಳೆಯ ಮನೆಯೊಂದನ್ನು ಕೆಡಹುವಾಗ ಮಾಡಿನ ಹೆಂಚನ್ನು ಮಗುಚಿ ನೋಡಿ. ಬಾಸೆಲ್ ಮಿಷನ್ನಿನ ಹೆಸರು, 1865 ಎಂಬ ಇಸವಿ ಅದರಲ್ಲಿ ಒತ್ತಿರಬಹುದು. ಮತಾಂತರವಾದವರಿಗೆ ಮನೆಯ ಆಸರೆ ತಪ್ಪುತ್ತಿತ್ತು, ಜಾತಿಯ ಕಸುಬು ಕೈಬಿಡುತ್ತಿತ್ತು. ಶೇಂದಿ ಇಳಿಸುವುದಕ್ಕೆ ಮಿಷನ್ನಿನವರೇ ಒಪ್ಪುತ್ತಿರಲಿಲ್ಲ. ಹೊಟ್ಟೆಪಾಡಿಗೆಂದು ನೇಯ್ಗೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಬಂದವು. ಮುಂದೆ ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರವೇ ಈ ಮಿಷನ್ನಿನ ಜರ್ಮನ್ನರನ್ನು ಶತ್ರುಗಳೆಂದು ಹಿಡಿದು ಹೊರಗಟ್ಟಿತು. ಕಾರ್ಖಾನೆಗಳನ್ನು ಕಿತ್ತುಕೊಂಡು ಬೇರೆಯವರಿಗೆ ಒಪ್ಪಿಸಿತು. 'ಏಜೆಂಟರು' ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಇನ್ನು ನಿಘಂಟು. ಇದೇ ಮಿಷನ್ನಿನ ಕಿಟೆಲ್ ಕನ್ನಡ ಕಲಿತದ್ದು ಮತಪ್ರಚಾರಕ್ಕಾಗಿಯೇ. ಆದರೂ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಸುಮಾರು 70,000 ಪದಗಳ ಹೊತ್ತಗೆಯನ್ನು ಒಮ್ಮೆ ತೆರೆಯಿರಿ. ಪದದ ಅರ್ಥಕ್ಕೆ ಸಾಕ್ಷಿಯಾಗಿ ಹಳಗನ್ನಡ ಕಾವ್ಯದ ಪ್ರಯೋಗ ಸಿಗುತ್ತದೆ, ಬೆನ್ನಿಗೇ ನಮ್ಮ ಅಜ್ಜಿಯರ ಗಾದೆ, ಪಕ್ಕದಲ್ಲಿ ತಮಿಳು, ತೆಲುಗು, ತುಳು ರೂಪಗಳು. ಇವು ಜರ್ಮನಿಯಿಂದ ಬಂದವಲ್ಲ. ಓಲೆಗರಿ ಬಿಡಿಸಿ ಅರ್ಥ ಹೇಳಿದ ನಮ್ಮ ಪಂಡಿತರ ವಿದ್ಯೆ, ಊರ ಜನರ ನಾಲಿಗೆ ಆ ಪುಟಗಳಲ್ಲಿವೆ. ನಿಘಂಟಿನ ಮುಖಪುಟದಲ್ಲಿ ಮಾತ್ರ ಒಬ್ಬರದೇ ಹೆಸರು. ನಮ್ಮ ಲೇಖನವೂ ಆ ಒಬ್ಬರನ್ನೇ ಹೊಗಳಿ ಮುಗಿಸಿತು. ನಿಮ್ಮ ಪತ್ರ ಓದಿದ ಮೇಲೆ ನನ್ನನ್ನು ಕಾಡುತ್ತಿರುವ ತಪ್ಪು ಇದು. ಆ ಪಂಡಿತರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.

– ಸಂಪಾದಕ