ಗೆರೆಯೆಲ್ಲ ಸ್ತರಭಂಗವಲ್ಲ

ಪ್ರಶ್ನೆ: ಅಂಟಾರ್ಕ್ಟಿಕಾದ ವೈಮಾನಿಕ ಕಾಂತೀಯ ನಕ್ಷೆಯಲ್ಲಿ (ವಿಮಾನದಿಂದ ಕಾಂತಕ್ಷೇತ್ರ ಅಳೆದು ಮಾಡಿದ ನಕ್ಷೆ) ಉದ್ದನೆಯ ನೇರ ಗೆರೆಯೊಂದು ಕಾಣುತ್ತದೆ. ಅದು ಹಿಮದಡಿಯ ಸ್ತರಭಂಗವೇ, ಅಂದರೆ ಬಂಡೆ ಸೀಳಿ ಇಕ್ಕೆಲಗಳು ಜರುಗಿದ ಜಾಗವೇ?

ಉತ್ತರ: ಮೊಬೈಲಿನಲ್ಲಿ ನಕ್ಷೆ ನೋಡಿ ಸ್ತರಭಂಗ ಪತ್ತೆಹಚ್ಚಿದವರ ಪತ್ರಗಳು ನಿಲ್ಲುವ ಲಕ್ಷಣವಿಲ್ಲದ ಕಾರಣ, ಈ ಬಾರಿ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. ಗೆರೆಯು ವಿಮಾನ ಹಾರಿದ ಸಾಲಿಗೆ ಸಮಾನಾಂತರವಾಗಿದ್ದರೆ ಮೊದಲು ಅನುಮಾನಪಡಿ. ಕಾಂತೀಯ ಬಿರುಗಾಳಿಯ (ಸೂರ್ಯನ ಚಟುವಟಿಕೆಯಿಂದ ಕಾಂತಕ್ಷೇತ್ರ ಕದಡುವ) ದಿನ ಧ್ರುವಪ್ರಭೆಯ ವಲಯದಲ್ಲಿ ಭೂಮಿಯ ಕಾಂತಕ್ಷೇತ್ರವೇ ನೂರಾರು ನ್ಯಾನೋಟೆಸ್ಲಾದಷ್ಟು (ಕಾಂತಕ್ಷೇತ್ರದ ಅಳತೆಯ ಮಾನ) ಏರಿಳಿಯುತ್ತದೆ. ನೆಲದ ಕೇಂದ್ರದ ದಾಖಲೆ ಮತ್ತು ಮುಖ್ಯ ಸಾಲುಗಳನ್ನು ಕತ್ತರಿಸುವಂತೆ ಹಾರಿದ ಅಡ್ಡಸಾಲುಗಳ ನೆರವಿನಿಂದ ಅದನ್ನು ಸರಿಯಾಗಿ ಕಳೆಯದಿದ್ದರೆ, ಉಳಿದ ದೋಷವು ನಕ್ಷೆಯ ಮೇಲೆ ಪಟ್ಟೆಪಟ್ಟೆಯಾಗಿ ಮೂಡುತ್ತದೆ.

ಗೆರೆ ಬಂಡೆಯದ್ದೇ ಎಂದು ಖಚಿತವಾದರೂ ಕೆಲಸ ಮುಗಿಯಲಿಲ್ಲ. ಹಿಮಕ್ಕೆ ಕಾಂತತ್ವ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅದು ಅಡ್ಡಿಯಲ್ಲ, ದೂರವೇ ಅಡ್ಡಿ. ಬಂಡೆಯಿಂದ 3 ಕಿಲೋಮೀಟರ್ ಮೇಲೆ ಹಾರುವ ಸಂವೇದಕಕ್ಕೆ, ಕೆಲವು ನೂರು ಮೀಟರ್ ಅಂತರದ ಎರಡು ಸ್ತರಭಂಗಗಳು ಒಂದೇ ಮಸುಕು ಏರಿಳಿತವಾಗಿ ಕಾಣುತ್ತವೆ. ಇಕ್ಕೆಲಗಳಲ್ಲೂ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜ ಇಲ್ಲದ ಒಂದೇ ಮರಳುಗಲ್ಲಿದ್ದರೆ ಎಷ್ಟು ದೊಡ್ಡ ಭಂಗವೂ ಕಾಣದೆ ಹೋಗಬಹುದು. ಭಂಗವೇ ಇಲ್ಲದ ಕಡೆ ಡೈಕ್ (ಬಿರುಕಿನಲ್ಲಿ ಶಿಲಾರಸ ಹೆಪ್ಪುಗಟ್ಟಿದ ಗೋಡೆಯಂಥ ಶಿಲೆ) ಒಂದು ಸೊಗಸಾದ ಗೆರೆ ಎಳೆದು ಮೋಸಮಾಡಬಹುದು. ಒಂಟಿ ಗೆರೆಗಿಂತ, ಹಲವು ಗೆರೆಗಳು ಒಂದೇ ರೇಖೆಯ ಮೇಲೆ ಕಡಿದು ಒಂದೇ ದಿಕ್ಕಿಗೆ ಜರುಗಿರುವುದನ್ನು ನಾನು ನಂಬುತ್ತೇನೆ, ಅದೂ ರಾಡಾರ್ ತೋರಿಸುವ ಕಣಿವೆ ಮತ್ತು ಗುರುತ್ವದ ಅಳತೆ ಅಲ್ಲಿಯೇ ಹೊಂದಿಕೆಯಾದರೆ ಮಾತ್ರ. ತೇಲುವ ರಾಸ್ ಹಿಮಹಾಸಿನ ಮೇಲೆ 2015ರಿಂದ 2017ರವರೆಗೆ ನಡೆದ ರೊಸೆಟ್ಟಾ-ಐಸ್ ಸಮೀಕ್ಷೆಯು, ಪೂರ್ವ ಮತ್ತು ಪಶ್ಚಿಮ ಅಂಟಾರ್ಕ್ಟಿಕಾಗಳ ಭೂವೈಜ್ಞಾನಿಕ ಗಡಿ ಆ ಹಾಸಿನ ನಡುವೆಯೇ ಹಾದುಹೋಗುತ್ತದೆಂದು ಹೇಳಿದ್ದು ಕಾಂತೀಯ ಮತ್ತು ಗುರುತ್ವ ದತ್ತಾಂಶಗಳೆರಡನ್ನೂ ಎದುರುಬದುರು ಇಟ್ಟುಕೊಂಡು. ಅಲ್ಲಿ ಹಾರಾಟದ ಸಾಲುಗಳ ಅಂತರ ಸುಮಾರು 10 ಕಿಲೋಮೀಟರ್. ನಡುವಿನ ಬಣ್ಣವನ್ನು ತುಂಬಿದ್ದು ಕಂಪ್ಯೂಟರ್ ಎಂಬುದನ್ನು ಪತ್ರ ಬರೆಯುವ ಮೊದಲು ನೆನೆಯಿರಿ.

ಪ್ರಶ್ನೆ: ಇಂಥ ನಕ್ಷೆಯಿಂದ ಭೂಕಂಪದ ಮುನ್ಸೂಚನೆ ಕೊಡಬಹುದೇ?

ಉತ್ತರ: ಇಲ್ಲ. ಭಂಗ ಈಗಲೂ ಚಲಿಸುತ್ತಿದೆಯೇ ಎಂಬುದನ್ನು ಕಾಂತೀಯ ನಕ್ಷೆ ಹೇಳುವುದಿಲ್ಲ.

ಪ್ರಶ್ನೆ: ಇದೇ ತಂತ್ರಜ್ಞಾನದ ಯಂತ್ರವೆಂದು ಹೇಳಿ ನಮ್ಮ ಜಮೀನಿನಲ್ಲಿ ಕೊಳವೆಬಾವಿಗೆ ಜಾಗ ತೋರಿಸುವವರು ಬಂದಿದ್ದಾರೆ. ನಂಬಬಹುದೇ?

ಉತ್ತರ: ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್‌ಗೆ ನೀರು ಕಾಣುವುದಿಲ್ಲ. ನಮ್ಮ ಗಟ್ಟಿಶಿಲೆಯ ಸೀಮೆಯಲ್ಲಿ ಡೈಕ್ ಎಲ್ಲಿ ಹಾದುಹೋಗಿದೆ ಎಂಬುದನ್ನು ಅದು ತೋರಿಸಬಲ್ಲದು, ಅಷ್ಟೆ. ನೀರಿನ ಸಾಧ್ಯತೆ ತಿಳಿಯಲು ಭೂವಿಜ್ಞಾನಿಯಿಂದ ವಿದ್ಯುತ್ ರೋಧ ಪರೀಕ್ಷೆ ಮಾಡಿಸಿ. ಯಂತ್ರ ಕೆಳಗಿಳಿಸುವ ಮೊದಲೇ ಇಷ್ಟು ಅಡಿಗೆ ಇಷ್ಟು ಇಂಚು ನೀರು ಎನ್ನುವವನಿಗೆ ಮುಂಗಡ ಕೊಡಬೇಡಿ.