1585 ಎಂದು ಕೆತ್ತಿದ ನಕಾಶೆಯ ವಯಸ್ಸೆಷ್ಟು?

ಪ್ರಶ್ನೆ: ಹದಿನಾರನೆಯ ಶತಮಾನದ ನಕಾಶೆಗಾರ ಆರ್ಟೀಲಿಯಸ್‌ನ ಐಸ್‌ಲ್ಯಾಂಡ್ ನಕಾಶೆಯ ಬಿಡಿ ಹಾಳೆಯೊಂದರಲ್ಲಿ 1585 ಎಂದಿದೆ. ಅದೇ ವರ್ಷದ ಮುದ್ರಣವೇ?

ಉತ್ತರ: ಅಲ್ಲ. ಆ ಇಸವಿ ನಕಾಶೆ ಕೆತ್ತಿ ಅಚ್ಚು ಒತ್ತುತ್ತಿದ್ದ ತಾಮ್ರದ ಫಲಕದ್ದು, ಹಾಳೆಯದಲ್ಲ. ಆ್ಯಂಟ್‌ವರ್ಪ್‌ನಲ್ಲಿ 1570ರಿಂದ ಹೊರಬರುತ್ತಿದ್ದ ಆತನ ಅಟ್ಲಾಸಿಗೆ ಈ ನಕಾಶೆ ಸೇರಿದ್ದು 1590ರ ಪುರವಣಿಯಲ್ಲಿ. ನಕಾಶೆಯ ಅರ್ಪಣೆ ಡೆನ್ಮಾರ್ಕಿನ ದೊರೆ ಎರಡನೆಯ ಫ್ರೆಡರಿಕ್‌ಗೆ. ಆತ 1588ರಲ್ಲೇ ತೀರಿಕೊಂಡಿದ್ದ! ಆದರೂ ಆ ಅರ್ಪಣೆಯನ್ನು ಯಾರೂ ಅಳಿಸಲಿಲ್ಲ. ಐಸ್‌ಲ್ಯಾಂಡಿನ ವಿವರ ಒದಗಿಸಿದವನೆಂದು ವಿದ್ವಾಂಸರು ಗುರುತಿಸುವ, ಅಲ್ಲಿನ ಹೋಲಾರ್‌ನ ಬಿಷಪ್ ಗುಡ್‌ಬ್ರಾಂಡುರ್ ಥೋರ್ಲಾಕ್ಸನ್‌ನ ಹೆಸರು ಮಾತ್ರ ನಕಾಶೆಯಲ್ಲಿಲ್ಲ.

1598ರಲ್ಲಿ ಆರ್ಟೀಲಿಯಸ್ ಸತ್ತ ಮೇಲೂ ಅದೇ ಫಲಕದಿಂದ ಮುದ್ರಣ ನಡೆಯಿತು. ಹಾಗಾಗಿ ಮುಂಬದಿ ನೋಡಿ ಕಾಲ ಹೇಳಲಾಗದು, ಹಾಳೆ ತಿರುವಲೇಬೇಕು. ಹಿಂಬದಿಯ ಬರಹವನ್ನು ಪ್ರತಿ ಆವೃತ್ತಿಗೂ ಅಚ್ಚುಮೊಳೆ ಜೋಡಿಸಿ ಬೇರೆಯಾಗಿ ಅಚ್ಚು ಮಾಡುತ್ತಿದ್ದರು. ಮೊದಲು ಭಾಷೆ ನೋಡಿ: ಇಂಗ್ಲಿಷ್ ಇದ್ದರೆ 1606ರ ಲಂಡನ್ ಆವೃತ್ತಿ, ಕೆಲಸ ಮುಗಿಯಿತು. ಲ್ಯಾಟಿನ್ ಆದರೆ ಕಷ್ಟ, ಆವೃತ್ತಿಗಳು ಹಲವು. ಆಗ ಪುಟಸಂಖ್ಯೆ, ಮೊದಲ ಮತ್ತು ಕೊನೆಯ ಸಾಲು ಯಾವ ಪದಕ್ಕೆ ಮುರಿಯುತ್ತದೆ ಎಂಬುದನ್ನು ಬರೆದುಕೊಂಡು ಆವೃತ್ತಿಗಳ ವಿವರಣ ಸೂಚಿಯೊಂದಿಗೆ ತಾಳೆ ನೋಡಿ. ಹಿಂದೆ ರಟ್ಟು ಅಂಟಿಸಿ ಚೌಕಟ್ಟು ಹಾಕಿದ್ದರೆ ಈ ಸಾಕ್ಷಿಯೆಲ್ಲ ಮುಚ್ಚಿಹೋಗಿರುತ್ತದೆ. ಅದನ್ನು ನೀವೇ ಕೀಳಲು ಹೋಗಬೇಡಿ, ಕಾಗದ ಸಂರಕ್ಷಕರಿಗೆ ಕೊಡಿ.

ನಕಲಿಯೇ ಎಂಬ ಅನುಮಾನವಿದ್ದರೆ ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಬಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಆಧುನಿಕ ಆಫ್‌ಸೆಟ್ ಮುದ್ರಣದ ಪ್ರತಿ. ಫಲಕ ಒತ್ತಿದ ಅಂಚಿನ ಗುರುತೂ ಇರಬೇಕು, ಆದರೆ ತೊಳೆದು ಒತ್ತಿಟ್ಟ ಅಸಲಿ ಹಾಳೆಯಲ್ಲಿ ಅದು ಮಾಸಿರಬಹುದು. ತಾಮ್ರದಿಂದ ಮಾಡಿದ ಹಳೆಯ ಹಸಿರು ಬಣ್ಣ ಕಾಗದವನ್ನು ಸುಟ್ಟು ಹಿಂಬದಿಗೆ ಕಂದು ಕಲೆಯಾಗಿ ಇಳಿಯುತ್ತದೆ. ಕಲೆಯಿದ್ದರೆ ಬಣ್ಣ ಹಳೆಯದಿರಬಹುದು. ಇಲ್ಲದಿದ್ದರೆ ಹಾಳೆ ಹೊಸದೆಂದು ಹೇಳಲಾಗದು, ಬಣ್ಣವನ್ನು ಆಮೇಲೆ ತುಂಬಿದವರೂ ಬಹಳ.

ಪ್ರಶ್ನೆ: ಅದೇ ನಕಾಶೆಯ ಕಡಲ ಪ್ರಾಣಿಗಳ ಪಕ್ಕ ಎ, ಬಿ, ಸಿ ಅಕ್ಷರಗಳೇಕೆ?

ಉತ್ತರ: ಅವುಗಳ ವಿವರಣೆಯೂ ಹಿಂಬದಿಯಲ್ಲೇ ಇದೆ. ನಹ್ವಾಲ್ ಎಂಬ ಕೊಂಬಿನ ಮೀನಿನಿಂದ ಪಟ್ಟಿ ಶುರುವಾಗುತ್ತದೆ.